ರಿಕವರಿ ಸಾಹೇಬರ ಹಳೇ ಗೂಡು

ಹೊಸದಾಗಿ ಪೊಲೀಸ್ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಮಕ್ಕಳು ಆಗಾಗ ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಾರೆ, "ತಾತ, ನೀವು ಕಳ್ಳರನ್ನ ಹೆಂಗೆ ಹಿಡೀತಿದ್ರಿ?" ನಾನು ಹೇಳುವುದು ಒಂದೇ ಮಾತು. ಕಳ್ಳನನ್ನು ಹಿಡಿಯುವುದು ಅಂಥ ಘನಂದಾರಿ ಕೆಲಸವಲ್ಲ ಕಣ್ರಪ್ಪ. ಅವನು ಮೇಜಿನ ಆಚೆ ನಿಂತಿದ್ದಾನೋ, ಈಚೆ ಕುರ್ಚಿಯಲ್ಲಿ ಕೂತಿದ್ದಾನೋ, ಅದನ್ನು ತಿಳಿಯುವುದೇ ಕಷ್ಟ.

ನನಗೆ ತೋಳಿನ ಪಟ್ಟಿ ಯಾವಾಗ ಬಂತು, ಪಟ್ಟಿ ಹೋಗಿ ನಕ್ಷತ್ರ ಯಾವಾಗ ಬಂತು ಎಂಬುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಕೊನೆಯವರೆಗೂ ಜನ ನನ್ನನ್ನು ಕರೆದದ್ದು ದಫೇದಾರ್ರು ಎಂದೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕಿನ ಧೂಳನ್ನೂ ಕುಡಿದಿದ್ದೇನೆ. ಇಲ್ಲಿ ಹೇಳುವುದು ಯಾವ ಠಾಣೆಯ ಮಾತು ಅಂತ ಕೇಳಬೇಡಿ. ಹೆಸರು ಬರೆದರೆ ಅಲ್ಲಿನ ಗೋಡೆಗೂ ನಾಚಿಕೆಯಾದೀತು, ಪಾಪ, ಅದೇನು ಮಾಡಿತ್ತು.

ನನಗೆ ಕೆಲಸ ಕಲಿಸಿದ ಮೊದಲ ಸಾಹೇಬರು ಮೂಗಿಗೆ ನಶ್ಯ ಏರಿಸಿಕೊಂಡು ಹೇಳುತ್ತಿದ್ದರು, "ಕಳುವಾದ ಮನೆಗೆ ಹೋದ್ರೆ ಮೊದ್ಲು ಅಲ್ಲಿ ಅಡಿಗೆಮನೇಲಿರೋ ಹೆಂಗಸರನ್ನ ಮಾತಾಡ್ಸಯ್ಯ. ಗಂಡಸರು ಏನು ಹೋಯ್ತು ಅಂತಾರೆ, ಹೆಂಗಸರು ಯಾರು ಬಂದಿದ್ರು ಅಂತಾರೆ." ಅದೇ ನಮ್ಮ ಪಾಠಶಾಲೆ. ಆಮೇಲೆ ನಾಯಿ ಬಂತು. ಒಮ್ಮೆ ಬೆಂಗಳೂರಿನಿಂದ ಬಂದ ಘನತೆವೆತ್ತ ನಾಯಿಯೊಂದು ಕಳುವಾದ ಮನೆಯ ಹೊಸ್ತಿಲನ್ನು ಮೂಸಿ, ಇಡೀ ಬೀದಿ ಓಡಿ, ನಾವು ಬೆಳಿಗ್ಗೆ ಬೋಂಡ ತಿಂದ ಹೋಟೆಲ್ ಮುಂದೆ ಕುಳಿತುಬಿಟ್ಟಿತು. ಹೋಟೆಲಿನವನು ಅತ್ತುಕೊಂಡು ಬಂದ. ಅವನನ್ನು ಸಮಾಧಾನ ಮಾಡುವುದರಲ್ಲಿ ಕಳ್ಳ ಆಂಧ್ರದ ಗಡಿ ದಾಟಿದ್ದ. ಈಗ ಫೋನಿನ ಟವರು, ರಸ್ತೆ ರಸ್ತೆಗೆ ಕ್ಯಾಮೆರಾ. ಒಳ್ಳೆಯದೇ. ಆದರೆ ಯಾವ ಕ್ಯಾಮೆರಾವನ್ನೂ ನಮ್ಮ ಕಡೆ ತಿರುಗಿಸಿ ಯಾರೂ ಇಟ್ಟಿರಲಿಲ್ಲ. ರಿಕವರಿ ಸಾಹೇಬರು ಬಾಳಿದ್ದು ಆ ಸಂದಿಯಲ್ಲೇ.

ರಿಕವರಿ ಸಾಹೇಬರು ಅಂದರೆ ನಮ್ಮ ಅಪರಾಧ ಪತ್ತೆ ದಳದ ಇನ್‌ಸ್ಪೆಕ್ಟರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ನಾವು ಇಟ್ಟದ್ದು ಇದು. ಕಪ್ಪು ಕನ್ನಡಕ, ಗರಿಗರಿ ಇಸ್ತ್ರಿ, ಅವರಿಗಿಂತ ಮೊದಲೇ ಒಳಗೆ ಬರುವ ಅತ್ತರಿನ ವಾಸನೆ. ಯಾವುದೇ ಕಳ್ಳತನವಾಗಲಿ, ವಾರ ತುಂಬುವುದರೊಳಗೆ ಮಾಲು ಸಿಕ್ಕಿತೆಂದೇ ಲೆಕ್ಕ. ಸಿಕ್ಕ ಮಾಲನ್ನು ಮೇಜಿನ ಮೇಲೆ ಮದುವೆಮನೆಯ ಉಡುಗೊರೆಯಂತೆ ಜೋಡಿಸಿ, ಹಿಂದೆ ತಾವು ನಿಂತು, ಪಕ್ಕದಲ್ಲಿ ಮುಖಕ್ಕೆ ಟವೆಲ್ ಮುಚ್ಚಿದ ಯಾವನೋ ಒಬ್ಬ ಕುಡುಕನನ್ನು ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು. ಆ ಫೋಟೋ ಮಧ್ಯಾಹ್ನದೊಳಗೆ ಜಿಲ್ಲೆಯ ಎಲ್ಲ ವಾಟ್ಸಾಪಿನಲ್ಲಿ.

ಒಮ್ಮೆ ಒಂದಷ್ಟು ತೋಟಗಳ ಮೋಟಾರು ಪಂಪು ಕಳುವಾದವು. ಸಾಹೇಬರು ನಮ್ಮನ್ನು ಜೀಪಿಗೆ ತುಂಬಿಕೊಂಡು ನೆಟ್ಟಗೆ ಒಂದು ಕೆರೆಯಂಚಿನ ಹುಣಿಸೆ ತೋಪಿಗೆ ಹೋದರು. ಆ ಕಡೆ ಈ ಕಡೆ ನೋಡಲಿಲ್ಲ, ಒಂದು ಮರದ ಬುಡ ತೋರಿಸಿ "ಇಲ್ಲಿ ಅಗೀರಿ" ಎಂದರು. ಅಗೆದರೆ ಮೋಟಾರು! ಕಳುವಾದದ್ದರಲ್ಲಿ ಅರ್ಧ ಮಾತ್ರ. ಮಿಕ್ಕರ್ಧ ಯಾವತ್ತೂ ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ನಮ್ಮಲ್ಲಿ ಗಂಗರಾಜು ಅಂತ ಒಬ್ಬ ಕಾನ್‌ಸ್ಟೇಬಲ್ ಇದ್ದ, ಸಾಧು ಮನುಷ್ಯ. ಕೈಮುಗಿದು, "ನಮ್ ಸಾಹೇಬ್ರ ಮೈಮೇಲೆ ದೇವ್ರು ಬರುತ್ತೆ ದಫೇದಾರ್ರೇ" ಎಂದ.

"ಬರುತ್ತೆ ಕಣೋ ಗಂಗಣ್ಣ," ಎಂದೆ ನಾನು. "ಹೂತವರು ಫೋನ್ ಮಾಡಿದಾಗೆಲ್ಲ ಬರುತ್ತೆ."

ಅದು ಕುಹಕದ ಮಾತಲ್ಲ. ಚಿಂತಾಮಣಿ ರಸ್ತೆಯಲ್ಲಿ ಸೀನಪ್ಪ ಎಂಬವನ ಟೊಮೆಟೊ ಮಂಡಿ ಇತ್ತು. ಮುಂದುಗಡೆ ಟೊಮೆಟೊ, ಹಿಂದುಗಡೆ ನಾಲ್ಕು ತಾಲ್ಲೂಕಿನ ಕದ್ದ ಮಾಲು. ಮೋಟಾರು, ತಾಮ್ರದ ತಂತಿ, ರೇಷ್ಮೆಗೂಡು, ಎಲ್ಲಕ್ಕೂ ಅವನದೇ ಹುಡುಗರು, ಅವನದೇ ಗಾಡಿ. ಊರಿಗೆಲ್ಲ ಗೊತ್ತು, ಠಾಣೆಗೆ ಮಾತ್ರ ಗೊತ್ತಿಲ್ಲ. ಸಾಹೇಬರು ಅವನನ್ನು "ನನ್ನ ಮಾಹಿತಿದಾರ" ಎನ್ನುತ್ತಿದ್ದರು. ನಾನು ನನ್ನ ಕಾಲದಲ್ಲಿ ಬೇಕಾದಷ್ಟು ಮಾಹಿತಿದಾರರನ್ನು ನೋಡಿದ್ದೇನೆ. ಅವರು ಠಾಣೆಯ ಹಿಂಬಾಗಿಲಿಗೆ ಬಂದು ಕೈಕಟ್ಟಿ ನಿಲ್ಲುತ್ತಾರೆ. ಇಲ್ಲಿ ಮಂಡಿಯ ಹಿಂಬಾಗಿಲಿಗೆ ಹೋಗುತ್ತಿದ್ದವರು ನಾವು. ಒಳಗೆ ಸೀನಪ್ಪ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿರುತ್ತಿದ್ದ. ಸರ್ಕಾರದ ಮೂರು ನಕ್ಷತ್ರ ಹೊತ್ತ ನಮ್ಮ ಸಾಹೇಬರು ಟೊಮೆಟೊ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು.

"ರಂಡಿ ರಂಡಿ ದಫೇದಾರ್ ಗಾರು," ಬನ್ನಿ ಬನ್ನಿ ಎಂದು ತೆಲುಗಿನಲ್ಲಿ ಕರೆಯುವನು ಸೀನಪ್ಪ ನನ್ನನ್ನು ಕಂಡು. "ಟೊಮೆಟೊ ತಗೊಂಡ್ಹೋಗಿ ಮನೆಗೆ, ಸಾರಿಗಾಗುತ್ತೆ."

"ನಮ್ಮನೇಲಿ ಹುಣಿಸೆಹಣ್ಣಿನ ಸಾರು ಸೀನಪ್ಪ," ಎಂದು ಈಚೆಗೆ ಬರುತ್ತಿದ್ದೆ.

ಒಂದು ಸಲ ಮೇಲಿನವರ ಒತ್ತಾಯಕ್ಕೆ ಆ ಮಂಡಿಯ ಮೇಲೇ ದಾಳಿ ಮಾಡಬೇಕಾಯಿತು. ಹೋದರೆ ಹಿಂದುಗಡೆ ಗೋದಾಮು ಗುಡಿಸಿ, ಸಾರಿಸಿ, ರಂಗೋಲಿ ಬಿಟ್ಟಿತ್ತು. ನಮ್ಮ ಪೈಕಿ ಎಷ್ಟು ಜನ ಬರುತ್ತೇವೆಂದು ತಿಳಿದು ಅಷ್ಟೇ ಕಾಫಿ ಲೋಟ ಸಾಲಾಗಿಟ್ಟಿದ್ದರು. ಸಾಹೇಬರು ಸಕ್ಕರೆ ಕಡಿಮೆ ಎಂದು ಬೈದು ಕುಡಿದರು. ಬೇಲಿ ಎದ್ದು ಹೊಲ ಮೇಯುತ್ತದೆ ಎಂದು ನಮ್ಮಜ್ಜಿ ಗಾದೆ ಹೇಳುತ್ತಿದ್ದಳು. ಮೇಯ್ದ ಮೇಲೆ ಹೊಲದವನಿಗೇ ಕೋಡು ತೋರಿಸುತ್ತದೆ ಎಂಬುದನ್ನು ಪಾಪ ಅವಳು ನೋಡಿರಲಿಲ್ಲ.

ಈಗ ಬಾಬಾಜಾನ್ ವಿಷಯಕ್ಕೆ ಬರುತ್ತೇನೆ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅವನಿಗಾಗಿ.

ಬಾಬಾಜಾನ್ ಶಿಡ್ಲಘಟ್ಟದ ಟೆಂಪೋ ಡ್ರೈವರು. ಜಂಗಮಕೋಟೆ ಸುತ್ತಿನ ಹಳ್ಳಿಗಳಿಂದ ರೇಷ್ಮೆಗೂಡಿನ ಚೀಲಗಳನ್ನು ಬೆಳಗಿನ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕಸುಬು. ಸ್ವಂತ ಗಾಡಿ, ನಗುಮುಖ, ಒಬ್ಬಳೇ ಮಗಳು. ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿ ಇದೆ. ನಿಮಗೂ ಬೇಗ ಪರಿಚಯವಾಗುತ್ತದೆ. ಮಂತ್ರಿ ಬಂದರೆ, ಗಲಾಟೆಯಾದರೆ, ಬಂದೋಬಸ್ತಿಗೆ ಗಾಡಿ ಬೇಕಲ್ಲ? ರಸ್ತೆಯಲ್ಲಿ ಹೋಗುವ ಟೆಂಪೋಗೆ ಕೈ ಅಡ್ಡ ಹಿಡಿದು, ಕೀಲಿ ಕಿತ್ತುಕೊಂಡು, "ನಡಿಯಪ್ಪ, ಸರ್ಕಾರಿ ಕೆಲಸ" ಎನ್ನುವುದು. ಬಾಡಿಗೆ ದೇವರೇ ಬಲ್ಲ. ಹಾಗೆ ವಿದುರಾಶ್ವತ್ಥದಲ್ಲಿ ಹುತಾತ್ಮರ ಸ್ಮರಣೆಗೆ ದೊಡ್ಡವರೊಬ್ಬರು ಬಂದಿದ್ದಾಗ ಸಾಹೇಬರೇ ಬಾಬಾಜಾನನ ಗಾಡಿಯನ್ನು ಹಿಡಿಸಿದರು, ನಮಗೆ ಊಟ ಸಾಗಿಸಲು.

ಹಿಂದೊಂದು ಕಾಲದಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದ ಜಾಗ ಅದು. ಅಂಥಲ್ಲಿ ನಾವು ಅರಳಿಮರದ ನೆರಳಲ್ಲಿ ಸಾಲಾಗಿ ಕೂತೆವು. ಬಾಬಾಜಾನ್ ಗಾಡಿ ಓಡಿಸಿದ್ದು ಸಾಲದೆಂದು ತಾನೇ ಸೌಟು ಹಿಡಿದು ಚಿತ್ರಾನ್ನ ಬಡಿಸಿದ. "ಇನ್ನೊಂಚೂರು ಹಾಕ್ಲಾ ಸಾರ್? ನಿಂಬೆಹಣ್ಣು ಚೆನ್ನಾಗಿ ಹಿಂಡವ್ರೆ" ಎಂದು ಒಬ್ಬೊಬ್ಬರನ್ನೂ ಉಪಚರಿಸಿದ. ಬೆಳಗಿನಿಂದ ಕತ್ತಲಾಗುವವರೆಗೆ ಅವನು ನಮ್ಮ ಜೊತೆಯೇ ಇದ್ದ. ಅದೇ ದಿನ ಅತ್ತ ಚಿಂತಾಮಣಿ ರಸ್ತೆಯಲ್ಲಿ ಒಬ್ಬ ರೈತನ ಗೂಡಿನ ಚೀಲಗಳನ್ನು ಯಾರೋ ಅಡ್ಡಗಟ್ಟಿ ಕಸಿದರು. ಪೊಲೀಸರೆಲ್ಲ ವಿದುರಾಶ್ವತ್ಥದಲ್ಲಿದ್ದರಲ್ಲ, ಅದು ಸೀನಪ್ಪನಿಗೆ ಗೊತ್ತಿರಬೇಕಾದ್ದು ಸಹಜವೇ.

ಒಂದು ವಾರ ಕಳೆಯಿತು. ಈ ಸಲ ಬಾಬಾಜಾನನ ಗಾಡಿಯನ್ನೇ ತಡೆದರು. ಅದರಲ್ಲಿದ್ದದ್ದು ಜಂಗಮಕೋಟೆ ಕಡೆಯ ಮುನಿಯಮ್ಮನ ಒಂದಿಡೀ ಬೆಳೆ. ಮುನಿಯಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹುಳು ಸಾಕಿದವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಬಾಬಾಜಾನ್ ಹಣೆ ಒಡೆಸಿಕೊಂಡು ನೇರ ಠಾಣೆಗೆ ಬಂದು ದೂರು ಹೇಳಿದ. ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ಕದ್ದೋನೇ ಬಂದು ಕಂಪ್ಲೇಂಟ್ ಕೊಡೋದು ಹಳೇ ಆಟ. ಒಳಗೆ ಕೂರ್ಸಿ ಇವನ್ನ" ಎಂದರು.

ಅವನು ಕಂಗಾಲಾಗಿ ಒಬ್ಬೊಬ್ಬರ ಮುಖ ನೋಡಿದ. "ಸಾರ್, ನಾನು ಸಾರ್, ಬಾಬಾಜಾನ್! ವಿದುರಾಶ್ವತ್ಥದಲ್ಲಿ ಊಟ ತಂದಿದ್ನಲ್ಲ ಸಾರ್? ಗಂಗಣ್ಣ, ನೀವಾದ್ರೂ ಹೇಳಿ..." ಗಂಗರಾಜು ಬೂಟಿನ ದಾರ ಕಟ್ಟತೊಡಗಿದ. ಇನ್ನೊಬ್ಬ ಕಿಟಕಿ ಕಡೆ ತಿರುಗಿದ. ಸಾಹೇಬರು ಕಳ್ಳ ಎಂದ ಮೇಲೆ ಅವನ ಪರಿಚಯ ಯಾರಿಗೆ ಬೇಕು? ಚಿತ್ರಾನ್ನ ಕರಗಿದಷ್ಟೇ ಬೇಗ ನೆನಪೂ ಕರಗಿತ್ತು. ಅವತ್ತು ನಾನು ಕೋರ್ಟಿಗೆ ಹೋಗಿದ್ದೆ, ಇದನ್ನೆಲ್ಲ ಆಮೇಲೆ ಕೇಳಿ ತಿಳಿದದ್ದು. ನಾನು ಬಂದಾಗ ಅವನು ಮೂಲೆಯಲ್ಲಿ ಮುದುರಿ ಕೂತಿದ್ದ. ನೀರು ಕೊಟ್ಟು, "ನನಗ್ಗೊತ್ತು ಕಣಪ್ಪ" ಎಂದೆ. "ನೀವೊಬ್ರೇ ಸಾರ್ ನನ್ನ ಗುರ್ತು ಹಿಡಿದಿದ್ದು" ಎಂದ. ಏಟಿನ ನೋವಿಗಿಂತ ಅದೇ ಅವನನ್ನು ಹೆಚ್ಚು ಹಿಂಡಿದಂತಿತ್ತು.

ಮಾರನೆಯ ಮಧ್ಯಾಹ್ನ ಎಂದಿನಂತೆ ಸಾಹೇಬರ ಮೈಮೇಲೆ ದೇವರು ಬಂತು. ಬಾಬಾಜಾನನ ಮನೆಯ ಹಿಂದಿನ ಪಾಳುಗೋಡೆಯ ಸಂದಿಯಲ್ಲಿ ಗೂಡಿನ ಚೀಲಗಳು "ಪತ್ತೆ"ಯಾದವು. ಚೀಲಗಳನ್ನು ತಂದು ಸಾಹೇಬರ ಕೋಣೆಯಲ್ಲಿ ಜೋಡಿಸಿದೆವು, ಫೋಟೋ ಆಯಿತು. ಮಾರನೆ ದಿನ ದಸ್ತಗಿರಿ ತೋರಿಸಿ, ಸಂಜೆ ಬಾಬಾಜಾನನನ್ನು ಕೋರ್ಟಿಗೆ ಒಯ್ದು ಅಲ್ಲಿಂದ ಜೈಲಿಗೆ ಕಳಿಸುವುದೆಂದು ತೀರ್ಮಾನ. ಗಾಡಿಯೂ ಜಪ್ತಿ. ಒಮ್ಮೆ ಗೂಡುಗಳ್ಳ ಎಂಬ ಹೆಸರು ಬಂದರೆ ಯಾವ ರೈತ ಅವನ ಗಾಡಿಗೆ ಚೀಲ ಏರಿಸುತ್ತಾನೆ?

ಮುನಿಯಮ್ಮನನ್ನು ಕರೆಸಿ ಗೂಡು ತೋರಿಸಿದರು. ಅವಳು ಚೀಲದ ಬಾಯಿಗೆ ಕಟ್ಟಿದ್ದ ಹಗ್ಗ ನೋಡಿಯೇ ಮುಖ ಸಿಂಡರಿಸಿದಳು.

"ಇವು ನಮ್ಮನೆವಲ್ಲ."

"ಗೂಡು ಗೂಡೇ ಅಲ್ವೇನಮ್ಮ? ಸಿಕ್ಕಿದ್ದನ್ನ ತಗೊಂಡು ಹೆಬ್ಬೆಟ್ಟು ಒತ್ತು," ಎಂದರು ಸಾಹೇಬರು.

"ಹೆಬ್ಬೆಟ್ಟಾ? ನಾನು ಸೈನು ಮಾಡ್ತೀನಪ್ಪ. ಆದ್ರೆ ಇದಕ್ಕೆ ಮಾಡಲ್ಲ. ಆ ಹುಡುಗನ್ನ ಬಿಡ್ರಪ್ಪ, ನನ್ನ ಮಾಲು ಕಾಪಾಡೋಕೆ ಹೋಗಿ ಅವ್ನು ಹಣೆ ಒಡೆಸ್ಕೊಂಡವ್ನೆ."

"ದಫೇದಾರ್ರೇ, ಈಯಮ್ಮನ್ನ ಈಚೆಗೆ ಕಳ್ಸಿ."

ಈಚೆಗೆ ಬಂದವಳಿಗೆ ನಾನು ಒಂದೇ ಮಾತು ಹೇಳಿದೆ. "ಹೊಸ ಡಿವೈಎಸ್ಪಿ ಮೇಡಂ ಬಂದವ್ರೆ ಕಣಮ್ಮ. ಬೆಳಿಗ್ಗೆ ಬೇಗ ಹೋದ್ರೆ ಸಿಕ್ತಾರೆ." ಮುನಿಯಮ್ಮ ಸೆರಗು ಕೊಡವಿ ಹೊರಟಳು.

ಬೆಳಗಾಯಿತು. ಠಾಣೆಗೆ ಹೋದರೆ ಗಂಗರಾಜು ಬಾಗಿಲಲ್ಲೇ ಕಣ್ಣುಬಿಟ್ಟು ನಿಂತಿದ್ದ. "ದಫೇದಾರ್ರೇ, ಒಳಗೆ ನೋಡ್ಬನ್ನಿ" ಎಂದ. ಸಾಹೇಬರ ಕೋಣೆಯ ತುಂಬ ಚಿಟ್ಟೆ! ರೇಷ್ಮೆಚಿಟ್ಟೆಗೆ ಹಾರಲು ಬರದು, ತೆವಳುತ್ತದೆ, ರೆಕ್ಕೆ ಬಡಿಯುತ್ತದೆ. ಚೀಲದಿಂದ ಹೊರಟು ಗೋಡೆ, ಕುರ್ಚಿ, ಫೈಲು, ಎಲ್ಲೆಂದರಲ್ಲಿ ಹರಿದಾಡುತ್ತಿದ್ದವು. ಕೆಲವು ಆಗಲೇ ಜೋಡಿಯಾಗಿ ಸಾಹೇಬರ ಮೇಜಿನ ಮೇಲೆ ಸಂಸಾರ ಹೂಡಿದ್ದವು. ಒಂದು ಹೆಣ್ಣುಚಿಟ್ಟೆ ಗೋಡೆಗೆ ನೇತುಹಾಕಿದ್ದ ಸಾಹೇಬರ ಟೋಪಿಯ ಮೇಲೆ, ಸರ್ಕಾರದ ಲಾಂಛನದ ಪಕ್ಕದಲ್ಲಿ, ಸಾವಧಾನವಾಗಿ ಮೊಟ್ಟೆ ಇಡುತ್ತಿತ್ತು.

ಬೇರೆ ಕಡೆಯವರು ಓದುತ್ತಿದ್ದರೆ ಇಷ್ಟು ಹೇಳಬೇಕು. ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ರೈತ ಬಿಡಿಸಿ ಮಾರುತ್ತಾನೆ, ಕೊಂಡವನು ಒಳಗಿನ ಹುಳು ಸಾಯಲೆಂದು ತಡಮಾಡದೆ ಆವಿಗೆ ಹಾಕುತ್ತಾನೆ. ಇನ್ನೊಂದು ವಾರ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಶಿಡ್ಲಘಟ್ಟದಲ್ಲಿ ಹಾಲುಹಲ್ಲಿನ ಮಗುವಿಗೂ ಇದು ಗೊತ್ತು. ಮೊನ್ನೆ ಕಳುವಾದ ಗೂಡಿನಿಂದ ಇವತ್ತು ಚಿಟ್ಟೆ ಬರುವುದು ಸಾಧ್ಯವೇ ಇಲ್ಲ. ಇವು ಹಿಂದಿನ ವಾರ ಕಸಿದ ಗೂಡು. ಕಳ್ಳತನದ ಸುದ್ದಿ ಹಬ್ಬಿ ಕೊಳ್ಳುವವರು ಹೆದರಿದ್ದರಿಂದ ಸೀನಪ್ಪನ ಹತ್ತಿರವೇ ಉಳಿದಿದ್ದ ಮಾಲು. ಸಾಹೇಬರು ರಿಕವರಿಗೆ ಚೀಲ ಕೇಳಿದಾಗ ಅವನು ಮುನಿಯಮ್ಮನ ತಾಜಾ ಗೂಡನ್ನು ಇಟ್ಟುಕೊಂಡು ಹಳೇದನ್ನು ಸಾಗಹಾಕಿದ್ದ. ಕೊಳೆತ ಟೊಮೆಟೊವನ್ನು ಕ್ರೇಟಿನ ತಳಕ್ಕೆ ತುಂಬುವುದೇ ಜೀವನದ ವಿದ್ಯೆಯಾದವನು, ಪೊಲೀಸರಿಗೆಂದು ಬೇರೆ ತಕ್ಕಡಿ ಹಿಡಿಯುತ್ತಾನೆಯೇ?

ಸಾಹೇಬರು ಬಂದರು. ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಅವರು ದೂರದ ಊರಿನವರು, ಆದರೂ ಇಲ್ಲಿನ ನೀರು ಕುಡಿದು ಅಷ್ಟು ವರ್ಷವಾಗಿತ್ತು, ಅರ್ಥವಾಯಿತು. ಚಿಟ್ಟೆಗಳನ್ನು ಕೈಯಿಂದ ಕೊಡವಲು ಹೋದರು. ಹೊಸದಾಗಿ ಹೊರಟ ಚಿಟ್ಟೆ ಕಂದು ಬಣ್ಣದ ನೀರು ಬಿಡುತ್ತದೆ. ಗರಿಗರಿ ಅಂಗಿಯ ತುಂಬ ಅದೇ ಆಯಿತು. ಹಿತ್ತಲಿಗೆ ಹೋಗಿ ಫೋನಿನಲ್ಲಿ ಯಾರನ್ನೋ ವಾಚಾಮಗೋಚರ ಬೈದರು. ಆಮೇಲೆ, "ಈ ಕೋಣೆಗೆ ಯಾರನ್ನೂ ಬಿಡ್ಬೇಡಿ" ಎಂದು ಹೇಳಿ ಬಟ್ಟೆ ಬದಲಾಯಿಸಲು ಮನೆಗೆ ಹೋದರು.

ಅವರ ಜೀಪು ಆ ಕಡೆ ತಿರುಗಿತು, ಈ ಕಡೆಯಿಂದ ಡಿವೈಎಸ್ಪಿ ಮೇಡಂ ಮುನಿಯಮ್ಮನ ಜೊತೆ ಬಂದಿಳಿದರು. ಸಮವಸ್ತ್ರದಲ್ಲಿರಲಿಲ್ಲ, ಸಾದಾ ಚೂಡಿದಾರ್. ಮೇಡಂರನ್ನು ಬಿಡಬೇಡಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೋಣೆ ತೆರೆದೆ. ಅವರು ಕುರ್ಚಿಯ ಮೇಲಿನ ಚಿಟ್ಟೆಗಳನ್ನು ಮೆಲ್ಲಗೆ ಸರಿಸಿ ಕೂತರು. ಮುನಿಯಮ್ಮ ಒಂದು ತೂತುಗೂಡು ಎತ್ತಿ ಹಿಡಿದು, "ಹೇಳಿರ್ಲಿಲ್ವಾ ತಾಯಿ" ಎಂದಳು.

ಅಷ್ಟರಲ್ಲಿ ಹಿತ್ತಲ ಗೇಟಿನಲ್ಲಿ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಇಳಿದವನು ಗಿರಿ, ಸೀನಪ್ಪನ ಸೋದರಳಿಯ. ಮದುವೆ ನಿಶ್ಚಯವಾದ ದೊಡ್ಡ ಗಂಡಸು, ಬುದ್ಧಿ ಮಾತ್ರ ಇನ್ನೂ ಹಾಲು ಕುಡಿಯುತ್ತಿತ್ತು. ಆ ಹಿತ್ತಲಿಗೆ ನೂರು ಸಲ ಬಂದವನಾದ್ದರಿಂದ ಅವನಿಗೆ ಸಂಕೋಚವೂ ಇರಲಿಲ್ಲ.

"ಸಾಹೇಬ್ರಿಲ್ವಾ ದಫೇದಾರ್ರೇ?"

"ಬಟ್ಟೆ ಬದಲಾಯಿಸೋಕೆ ಹೋದ್ರು. ಏನಪ್ಪ ವಿಷಯ?"

"ಮಾಮ ಕಳ್ಸಿದ್ರು. ಆ ಹಳೇ ಚೀಲ ಕೊಟ್ಬಿಡಿ, ಹೊಸದು ಇಳಿಸಿ ಹೋಗ್ತೀನಿ."

ಮೇಡಂ ಒಳಗಿನಿಂದ ಕೇಳಿದರು, "ಯಾಕಪ್ಪ, ಹಳೇದಕ್ಕೇನಾಯ್ತು?"

ಗಿರಿ ಅವರನ್ನು ಠಾಣೆಯ ಟೈಪಿಸ್ಟ್ ಎಂದುಕೊಂಡಿರಬೇಕು. "ಅಯ್ಯೋ ಅದು ಹೋದ್ವಾರದ ಮಾಲು ಅಕ್ಕ, ಚಿಟ್ಟೆ ಬಿಟ್ಬಿಟ್ಟಿದೆಯಂತೆ. ಸಾಹೇಬ್ರು ಫೋನಲ್ಲಿ ಮಾಮಂಗೆ ಹೆಂಗೆ ಉಗಿದ್ರು ಗೊತ್ತಾ!"

"ಇದು ಚೆನ್ನಾಗಿದ್ಯಾ?"

"ಮೊನ್ನೆದಕ್ಕ, ಫ್ರೆಶ್ಶು! ಬೇಕಾದ್ರೆ ಅಲ್ಲಾಡ್ಸಿ ನೋಡಿ."

ಅವನು ಮೊದಲ ಚೀಲ ಇಳಿಸುತ್ತಿದ್ದಂತೆ ಮುನಿಯಮ್ಮ ಎಗರಿ ಬಂದಳು. ಚೀಲದ ಬಾಯಿಗೆ ಹಸಿರು ಸೀರೆಯ ಅಂಚು ಹರಿದು ಕಟ್ಟಿತ್ತು. "ಲೋ, ಅದು ನನ್ನ ಸೀರೆ ಕಣೋ ಮುಂಡೇದೇ! ನಿನ್ನ ಕೈ ಸೇದೋಗ!"

ಬಟ್ಟೆ ಅಂಗಡಿಯಲ್ಲಿ ಸೈಜು ಬದಲಾಯಿಸಿಕೊಳ್ಳುವುದನ್ನು ನೋಡಿದ್ದೇನೆ. ಪೊಲೀಸ್ ಠಾಣೆಯಲ್ಲಿ ಕದ್ದ ಮಾಲನ್ನು ಬದಲಾಯಿಸಿ ಕೊಡುವ ಅಂಗಡಿಯನ್ನು ಅವತ್ತೇ ನೋಡಿದ್ದು.

ಆಗ ರಿಕವರಿ ಸಾಹೇಬರು ಹೊಸ ಇಸ್ತ್ರಿ, ಹೊಸ ಅತ್ತರಿನೊಂದಿಗೆ ಒಳಬಂದರು. ಮೇಡಂರನ್ನು ಕಂಡು ಸಲ್ಯೂಟ್ ಹೊಡೆದ ಕೈ ಅಲ್ಲೇ ನಿಂತಿತು. ಗಿರಿ ಹಲ್ಲುಬಿಟ್ಟು, "ಸಾರ್, ನೀವು ಹೇಳಿದಂಗೇ ತಂದಿದೀನಿ" ಎಂದ.

"ಯಾರೋ ನೀನು?"

ಗಿರಿಗೆ ನಿಜವಾಗಿ ಬೇಜಾರಾಯಿತು. "ಏನ್ಸಾರ್ ಹಿಂಗಂತೀರಾ? ನನ್ನ ನಿಶ್ಚಿತಾರ್ಥದಲ್ಲಿ ಹೋಳಿಗೆ ಕೇಳಿ ಕೇಳಿ ಹಾಕಿಸ್ಕೊಂಡ್ರಿ!"

ಸಾಹೇಬರು ಆಗಲೂ ಬಿಡಲಿಲ್ಲ. ಮುಳುಗುವವನು ಇನ್ನೊಬ್ಬನ ಕುತ್ತಿಗೆ ಹಿಡಿಯುತ್ತಾನಲ್ಲ, ಹಾಗೆ. "ಮೇಡಂ, ಇವನೂ ಆ ಡ್ರೈವರೂ ಒಂದೇ ಗ್ಯಾಂಗು. ಹೋದ ವಾರದ ಕಳ್ಳತನಾನೂ ಆ ಡ್ರೈವರದೇ."

ಮೇಡಂ ಶಾಂತವಾಗಿ ಕೇಳಿದರು, "ಹೋದ ವಾರ ಆ ದಿನ ಡ್ರೈವರ್ ಎಲ್ಲಿದ್ದ? ಯಾರಿಗಾದ್ರೂ ಗೊತ್ತಾ?"

ಗಂಗರಾಜು ಮತ್ತೆ ಬೂಟಿನ ದಾರಕ್ಕೆ ಬಗ್ಗಿದ. ಮೂಲೆಯಲ್ಲಿ ಬಾಬಾಜಾನ್ ತಲೆಯೆತ್ತಿ ಒಬ್ಬೊಬ್ಬರನ್ನೂ ನೋಡಿದ, ಬಾಯಿ ಬಿಡಲಿಲ್ಲ. ಒಮ್ಮೆ ಕೇಳಿ ಸಾಕಾಗಿತ್ತು ಅವನಿಗೆ.

"ನಮ್ಮ ಜೊತೆ ಇದ್ದ ಮೇಡಂ," ಎಂದೆ. "ವಿದುರಾಶ್ವತ್ಥದಲ್ಲಿ. ಸಾಹೇಬ್ರೇ ಅವನ ಗಾಡಿ ಹಿಡಿಸಿದ್ರು. ಬೆಳಗಿಂದ ಕತ್ತಲವರೆಗೆ ನಮಗೆ ಅನ್ನ ಬಡಿಸ್ತಿದ್ದ."

ಸಾಹೇಬರು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಅಷ್ಟರಲ್ಲಿ ನಮ್ಮ ಹೊಸ ಮಹಿಳಾ ಕಾನ್‌ಸ್ಟೇಬಲ್ ಮುಂದೆ ಬಂದಳು. "ಹೌದು ಮೇಡಂ. ನಾನು ಎರಡು ಸಲ ಹಾಕಿಸ್ಕೊಂಡೆ." ಆಮೇಲೆ ಗಂಗರಾಜು, ಬೂಟಿನ ದಾರ ಬಿಟ್ಟು ಎದ್ದು, "ನಾನೂ ತಿಂದಿದ್ದೀನಿ ಮೇಡಂ" ಎಂದ. ಆಮೇಲೆ ಎಲ್ಲರೂ ತಿಂದವರೇ! ಇದ್ದಕ್ಕಿದ್ದ ಹಾಗೆ ಇಡೀ ಠಾಣೆಗೆ ನಿಂಬೆಹುಳಿ ನೆನಪಾಯಿತು. ಧೈರ್ಯ ಎನ್ನುವುದು ನಮ್ಮ ಇಲಾಖೆಯಲ್ಲಿ ಪಂಕ್ತಿಭೋಜನದ ಹಾಗೆ, ಮೊದಲ ಎಲೆ ಹಾಕುವವರೆಗೆ ಯಾರೂ ಕೂರುವುದಿಲ್ಲ.

ಬಾಬಾಜಾನ್ ಮಧ್ಯಾಹ್ನದೊಳಗೆ ಮನೆ ಸೇರಿದ. ಮುನಿಯಮ್ಮನ ಗೂಡು ಕಾಗದಪತ್ರ ಮುಗಿಸಿಕೊಂಡು, ಚಿಟ್ಟೆ ಹೊರಡುವ ಮೊದಲೇ ಮಾರುಕಟ್ಟೆ ಮುಟ್ಟಿತು. ಅವನ ಗಾಡಿಯಲ್ಲೇ. ಸೀನಪ್ಪ ಸ್ವಲ್ಪ ದಿನ ಒಳಗಿದ್ದು ಬಂದು ಈಗ ಊರ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತಿದ್ದಾನೆ. ರಿಕವರಿ ಸಾಹೇಬರು ಅಮಾನತಾದರು, ವಿಚಾರಣೆ ತೆವಳಿತು, ರೇಷ್ಮೆಚಿಟ್ಟೆಯಂತೆ ರೆಕ್ಕೆ ಬಡಿದದ್ದೇ ಹೊರತು ಹಾರಲಿಲ್ಲ. ಅವರು ಕೆಲಸಕ್ಕೆ ಮರಳಿದರು. ಆಮೇಲೆ ಎಲ್ಲೋ ಹೊಸ ಹುಡುಗರಿಗೆ ಅಪರಾಧ ಪತ್ತೆಯ ಪಾಠ ಹೇಳುತ್ತಿದ್ದರೆಂದು ಕೇಳಿದೆ. ನಿಮ್ಮಲ್ಲಿ ಕೆಲವರು ಅವರ ಶಿಷ್ಯರೇ ಇರಬಹುದು. ವಿದ್ಯೆ ಕಲಿಯಿರಿ, ಅನುಭವಸ್ಥರು. ಅವರು ಮರದ ಬುಡ ತೋರಿಸಿ ಅಗೆಯಲು ಹೇಳಿದರೆ ಮಾತ್ರ, ಮೊದಲು ಅವರ ಕೈಯಲ್ಲಿ ಮಣ್ಣಿದೆಯೇ ನೋಡಿ.

ನಾನು ನಿವೃತ್ತನಾಗುವ ಮೊದಲು ಕೊನೆಯ ಬಂದೋಬಸ್ತು ಮತ್ತೆ ವಿದುರಾಶ್ವತ್ಥದಲ್ಲೇ ಬಿತ್ತು. ಪದ್ಧತಿ ಬದಲಾಗಿರಲಿಲ್ಲ, ಮತ್ತೆ ರಸ್ತೆಯಲ್ಲಿ ಗಾಡಿ ಹಿಡಿದರು, ಮತ್ತೆ ಸಿಕ್ಕವನು ಬಾಬಾಜಾನ್. ಅವನು ಕೀಲಿ ಕೊಡಲು ತಕರಾರು ಮಾಡಲಿಲ್ಲ. ಅರಳಿಮರದ ಕೆಳಗೆ ನಾವು ಸಾಲಾಗಿ ಕೂತೆವು, ಅವನು ಸೌಟು ಹಿಡಿದು ಬಂದ. ಗಂಗರಾಜುವಿನ ಎಲೆಯ ಮುಂದೆ ನಿಂತ. ಅನ್ನ ಹಾಕಲಿಲ್ಲ. ಗಂಗರಾಜು ತಲೆಯೆತ್ತಿ ಅವನ ಮುಖ ನೋಡುವವರೆಗೂ ಕಾದ.

"ನೋಡ್ಕೊಂಡ್ರಾ ಸಾರ್?" ಎಂದು ಕೇಳಿದ, ನಗುತ್ತಲೇ. "ಸರಿಯಾಗಿ ನೋಡ್ಕೊಳ್ಳಿ. ಮುಂದೆ ಬೇಕಾಗುತ್ತೆ."

ಆಮೇಲೆ ಬಡಿಸಿ, ಪಕ್ಕದ ಎಲೆಗೆ ಹೋಗಿ ಅಲ್ಲೂ ನಿಂತ.